ಸಿನಿಮಾ ಹೇಗಿತ್ತು, ಅಕ್ಕಾ?

ಇವತ್ತೂ ಬಂದಿದ್ದಾಳೆ ಮಹಾತಾಯಿ! ಟಾಕೀಸಿನ ಪಕ್ಕದ ಓಣಿಯಲ್ಲಿ ಮೈಕಿಗೆ ಮುಖ ಕೊಟ್ಟು, ಕರಿ ಛತ್ರಿಯನ್ನು ಕತ್ತಿಯಂತೆ ಝಳಪಿಸುತ್ತ ಸಿನಿಮಾದ ಮಾನ ಹರಾಜು ಹಾಕುತ್ತಿದ್ದಾಳೆ.

“ರಾಜರ ಕಾಲ ಅಂತೆ! ಅರಮನೆ ಹುಡುಗಿಗೂ ಅತ್ತರು ಮಾರೋಳಿಗೂ ಸ್ನೇಹ ಅಂತೆ! ಇಬ್ರೂ ಒಬ್ಬನ್ನೇ ಪ್ರೀತಿಸಿ, ಕೊನೆಗೆ ಅವನನ್ನ ದಡದಲ್ಲೇ ಬಿಟ್ಟು, ತಾವಿಬ್ರೇ ದೋಣಿ ಹತ್ತಿ ಹೊರಟುಬಿಡ್ತಾರಂತೆ! ಯಾರ ಕಿವಿಗೆ ಹೂವ ಇಡ್ತೀರಿ?”

ಕಾಜಾ ಅಕ್ಕನಿಗೆ ಮೈಯೆಲ್ಲ ಉರಿಯಿತು. ಹಿಡಿಸದ ಸಿನಿಮಾಕ್ಕೆ ದಿನಾ ಬಂದು, ದಿನಾ ಉಗಿದು ಹೋಗುವವರನ್ನು ಎಲ್ಲಾದರೂ ಕಂಡಿದ್ದೀರಾ?

“ದುಡ್ಡು ತಗೊಂಡಿರ್ತಾಳೆ ಬಿಡಕ್ಕ,” ಎಂದಿದ್ದ ಟೈಲರ್ ಮಾಸ್ತರ. “ಎದುರು ಪಾರ್ಟಿ ಸಿನಿಮಾದೋರ ಕೈವಾಡ.”

ಮಾಸ್ತರನ ಅಂಗಡಿಯ ಹಿಂದಿನ ಮೂಲೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವುದು ಅವಳ ಕೆಲಸ. ಮೇಲಿನ ಕೋಣೆಯಲ್ಲಿ ವಾಸ. ಅಲ್ಲೊಂದು ಮಂಚ, ಒಂದೇ ಕುರ್ಚಿ. ಎರಡನೆಯದು ಯಾರಿಗೆ? ಸಂಜೆ ಟಿವಿಯನ್ನು ಜೋರಾಗಿ ಇಟ್ಟು ಪಾತ್ರೆ ತೊಳೆಯುತ್ತಾಳೆ, ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಎಂದು. ಅವಳ ಅಭಿಪ್ರಾಯ ಬೇಕಾಗಿರುವ ಪ್ರಾಣಿ ಭೂಮಿಯ ಮೇಲೆ ಇರಲಿಲ್ಲ. “ಈ ನೀಲಿಗೆ ಈ ದಾರ ಹೊಂದುತ್ತಾ?” ಎಂದು ಮಾಸ್ತರ ಕೇಳುತ್ತಾನೇನೋ ನಿಜ. ಅವಳು ಬಾಯಿ ತೆಗೆಯುವಷ್ಟರಲ್ಲಿ ಸೂಜಿಗೆ ಪೋಣಿಸಿ ಆಗಿರುತ್ತದೆ.

ಅಂಥವಳಿಗೆ ಈ ಸಿನಿಮಾ ಬಂದ ವಾರ ಅದೃಷ್ಟ ಖುಲಾಯಿಸಿತು. ಮ್ಯಾಟ್ನಿ ಮುಗಿದು ಓಣಿ ತುಂಬ ಜನ. ಜನರ ನಡುವೆ ಅವಳು, ಅವರಿವರ ಮಾತಿಗೆಲ್ಲ ಕಿವಿಗೊಡುತ್ತ. ಯಾವುದೋ ಚಾನೆಲ್ಲಿನ ಹುಡುಗಿ ಅಡ್ಡ ಬಂದು ಮೈಕು ಹಿಡಿದಳು.

“ಸಿನಿಮಾ ಹೇಗಿತ್ತು, ಅಕ್ಕಾ? ನಿಮಗೇನನ್ನಿಸ್ತು?”

ನಿಮಗೇನನ್ನಿಸ್ತು! ಎದೆಯೊಳಗೆ ಕಟ್ಟೆ ಒಡೆಯಿತು. ಅತ್ತರಿನವಳ ಮನಸ್ಸು, ಅರಮನೆ ಹುಡುಗಿಯ ಹಟ, ಒಬ್ಬ ಗೆಳತಿ ಇದ್ದರೆ ರಾಜ್ಯ ಹೋದರೂ ಚಿಂತೆಯಿಲ್ಲ... ಕಾಜಾ ಅಕ್ಕ ಮಾತಾಡಿದಳು, ನಕ್ಕಳು, ಕೊನೆಗೆ ಅತ್ತೇಬಿಟ್ಟಳು. ಮೈಕಿನ ಹುಡುಗಿ ಖುಷ್. “ಸೂಪರ್ ಅಕ್ಕಾ, ನಾಳೆನೂ ಸಿಗಿ!”

ಸಿಗದೆ ಏನು? ಅಂದಿನಿಂದ ಮ್ಯಾಟ್ನಿ ಬಿಡುವ ಹೊತ್ತಿಗೆ ಆ ಗುಂಪಿನಲ್ಲಿ ಅವಳ ಜಾಗ ಖಾಯಂ. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು.

ಅಷ್ಟರಲ್ಲಿ ವಿಲನ್ ಎಂಟ್ರಿ. ಕತ್ತಲಿನಿಂದ ಹೊರಬಂದ ಜನವೆಲ್ಲ ಬಿಸಿಲಿಗೆ ಕಣ್ಣು ಕಿವುಚುತ್ತಿದ್ದರೆ, ಛತ್ರಿಯವಳು ಮಾತ್ರ ಕಣ್ಣು ಮಿಟುಕಿಸದೆ ನೆಟ್ಟಗೆ ನಿಂತಿದ್ದಳು. ಆಯುಷ್ಯವೆಲ್ಲ ಗಣಿತ ಕಲಿಸಿ ನಿವೃತ್ತಳಾದ ಟೀಚರಂತೆ. ಮೈಕಿನ ಹುಡುಗಿ ಇಟ್ಟ ಹೆಸರು ‘ಛತ್ರಿ ಮಿಸ್’. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ವೀಡಿಯೊ ಓಡುತ್ತದೆ ಎಂಬುದು ಆ ಕಿಲಾಡಿಗೆ ಬೇಗ ಗೊತ್ತಾಯಿತು.

“ಏನ್ ಮಿಸ್, ನಿಮ್ದು ಹೃದಯಾನಾ ಕರಿ ಹಲಗೆನಾ? ಆ ದೋಣಿ ಸೀನಿಗೆ ಇಡೀ ಟಾಕೀಸೇ ಅತ್ತಿದೆ!”

“ಟಾಕೀಸ್ ಅಳುತ್ತೆ ಕಣ್ರೀ. ಮನೆಗೆ ಹೋದ್ಮೇಲೆ ಯಾರೂ ಯಾರ ಬಾಗಿಲೂ ತಟ್ಟಲ್ಲ.”

“ಅತ್ತರಿನೋಳು ತಟ್ಟಿದ್ಲಲ್ಲಾ ಅರಮನೆ ಬಾಗಿಲು?”

“ಯಾವಾಗ? ಇಂಟರ್ವಲ್‌ಗೆ ಮುಂಚೆನಾ?”

“ಹೂಂ... ಅಲ್ಲೇ, ಆಸುಪಾಸು.”

“ಅದೇ ನಾನೂ ಹೇಳಿದ್ದು. ಅದೂ ಬರೀ ಸುಳ್ಳು!”

ಕಾಜಾ ಅಕ್ಕನ ಭಯ ಬೇರೆಯೇ ಇತ್ತು. ಈ ಹೆಂಗಸಿನ ಬಾಯಿಗೆ ಹೆದರಿ ಜನ ಬರುವುದು ನಿಂತರೆ ಸಿನಿಮಾ ಎತ್ತುತ್ತಾರೆ. ಸಿನಿಮಾ ಹೋದರೆ ಮೈಕು ಹೋಗುತ್ತದೆ. ಮೈಕು ಹೋದರೆ ಮತ್ತೆ ಅದೇ ಮೂಲೆ, ಅದೇ ಗುಂಡಿ, ಅದೇ ಟಿವಿಯ ಗದ್ದಲ.

ಹಾಗೇ ಆಯಿತು. ಒಂದು ಗುರುವಾರ ಓಣಿಗೆ ನಾಲ್ಕೇ ಜನ ಹೊರಬಂದರು. ಮೈಕಿನ ಹುಡುಗಿಯ ಸುಳಿವಿಲ್ಲ. ಬೇರೆ ಟಾಕೀಸಿನ ಬೇರೆ ಸಿನಿಮಾಕ್ಕೆ ಹಾರಿದ್ದಳು. ಗೋಡೆಯ ಪೋಸ್ಟರಿನ ಮೇಲೆ ‘ಇಂದೇ ಕೊನೆ’ ಎಂಬ ಚೀಟಿ.

ಛತ್ರಿ ಮಿಸ್ ಮಾತ್ರ ಬಂದಿದ್ದಳು. ಖಾಲಿ ಓಣಿಯಲ್ಲಿ ಒಬ್ಬಳೇ.

“ತೃಪ್ತಿ ಆಯ್ತಾ?” ಕಾಜಾ ಅಕ್ಕ ನೇರ ಹೋಗಿ ನಿಂತಳು. “ಎಷ್ಟು ಕೊಟ್ರು ನಿಮಗೆ?”

“ಯಾರು?”

“ಬೈಯೋಕೆ ಕಳಿಸಿದೋರು.”

ಮಿಸ್ ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡಳು. “ಹೊಗಳೋಕೆ ನೀವಿದ್ರಲ್ಲ. ನಾನೂ ಹೊಗಳಿದ್ರೆ ಜಗಳ ಎಲ್ಲಿಂದ ಬರ್ಬೇಕು? ಸ್ಕೂಲ್ ಬಿಟ್ಮೇಲೆ ನನ್ನ ಜೊತೆ ಜಗಳ ಆಡಿದೋರು ನೀವೊಬ್ರೇ ಕಣ್ರೀ.”

ತನಗಿಂತ ಒಂಟಿಯಾದವರನ್ನು ಕಾಜಾ ಅಕ್ಕ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಾತು ಹೇಗೆ ಹೊರಟಿತೋ, ಅವಳಿಗೂ ಗೊತ್ತಿಲ್ಲ.

“ಫಸ್ಟ್ ಶೋ ಇನ್ನೂ ಇದೆ. ಒಟ್ಟಿಗೆ ನೋಡೋಣ್ವಾ, ಮಿಸ್?”

ಮಿಸ್ ತಡವರಿಸಿದಳು. “ಮತ್ತೆ ನೋಡೋಕೆ... ನಿಮಗೆ ಬೇಜಾರಾಗಲ್ವಾ?”

“ನಿಮಗೆ?”

“ಇಲ್ಲಪ್ಪ.”

ಕೌಂಟರಿನವನು ಕಿಂಡಿಯೊಳಗಿಂದಲೇ ಕೇಳಿದ, “ಎಷ್ಟು?”

“ಎರಡು,” ಎಂದಳು ಕಾಜಾ ಅಕ್ಕ. ನಾಲಿಗೆಗೆ ಆ ಪದ ಎಷ್ಟು ರುಚಿಯಾಗಿತ್ತೆಂದರೆ, ಕೇಳದಿದ್ದರೂ ಇನ್ನೊಮ್ಮೆ ಹೇಳಿದಳು. “ಎರಡು.”

ಒಳಗೆ ಎಡಕ್ಕೊಂದು ಮೆಟ್ಟಿಲು, ಬಲಕ್ಕೊಂದು, ಮುಂದೆ ಪರದೆ ಇಳಿಬಿಟ್ಟ ಬಾಗಿಲು.

“ನಡೀರಿ ಮಿಸ್, ದೊಡ್ಡೋರು ಮುಂದೆ.”

“ಛೇ, ಕರೆದೋರು ನೀವು. ನೀವೇ ನಡೀರಿ.”

“ಇಲ್ಲ ಇಲ್ಲ, ನೀವು.”

ಇಬ್ಬರೂ ಕದಲಲಿಲ್ಲ. ಟಿಕೆಟ್ ಹರಿಯುವವನು ಸ್ವಲ್ಪ ಹೊತ್ತು ಕಾದ. ಆಮೇಲೆ ಟಾರ್ಚಿನಿಂದ ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದ.

“ಯಾಕಮ್ಮಾ ಹಿಂಗೆ ನಿಂತ್ರಿ? ಈ ಟಾಕೀಸಿನೊಳಗೆ ಕಾಲಿಡ್ತಿರೋದು ಇದೇ ಮೊದಲಾ?”

“ಹೂಂ,” ಎಂದರು ಇಬ್ಬರೂ, ಒಂದೇ ಉಸಿರಿಗೆ.