ವಿಮಾನದ ಚಕ್ರದ ಕಡ್ಡಿ

ಟಿಕ್. ಪ್ಲಾಸ್ಟಿಕ್ ಫ್ರೇಮಿನಿಂದ ಸರೋಜತ್ತೆ ವಿಮಾನದ ಒಂದೊಂದೇ ಪಾರ್ಟ್ ಬಿಡಿಸುವ ಸದ್ದು ಅದು. ಇವತ್ತಿಗೂ ಅವನ್ನು ಅಂಟಿಸುತ್ತಿದ್ದ ಗಮ್ಮಿನ ವಾಸನೆ ಬಡಿದರೆ ನಾನು ಮೂಗು ಮುಚ್ಚಿಕೊಳ್ಳುತ್ತೇನೆ.

ತರೀಕೆರೆಯ ನಮ್ಮ ಮನೆಯಲ್ಲಿ ಅಪ್ಪನ ತಂಗಿ ಸರೋಜತ್ತೆ ಆ ಮಾಡೆಲ್ ಏರೋಪ್ಲೇನ್ ಜೋಡಿಸಿದ್ದಳು. ಸಾಸಿವೆಯಂಥ ಚಕ್ರಗಳನ್ನು ಟ್ವೀಜರ್‌ನಲ್ಲಿ ಹಿಡಿದು, "ಉಸಿರು ಬಿಡ್ಬೇಡ ಕಣೇ, ಹಾರ್ಹೋಗುತ್ತೆ" ಅನ್ನುತ್ತಿದ್ದಳು.

ಅವಳನ್ನು ನೋಡಲು ಗಂಡಿನವರು ಬಂದ ಮಧ್ಯಾಹ್ನ, ಹುಡುಗಿಯ ಕೈಕೆಲಸವೆಂದು ಅಜ್ಜಿ ಕಸೂತಿ ಬಟ್ಟೆಗಳ ಪಕ್ಕ ಅದನ್ನೂ ಇಟ್ಟರು. ಎಲೆಅಡಿಕೆ ಜಗಿಯುತ್ತಿದ್ದ ಗಂಡು ವಿಮಾನವನ್ನು ಎತ್ತಿಕೊಂಡ. ಚಕ್ರದ ಕಡ್ಡಿಯನ್ನು ಟಿಕ್ಕೆಂದು ಮುರಿದು ಹಲ್ಲುಸಂದಿ ಕೆದಕಿದ. ಕೆಂಪು ಎಂಜಲು ಮೆತ್ತಿದ ಕಡ್ಡಿಯನ್ನು ರೆಕ್ಕೆಯ ಮೇಲಿಟ್ಟು, "ಗಟ್ಟಿಯಾಗೈತೆ ಕಣ್ರೀ" ಅಂದ. ತಾತ ಹೊಟ್ಟೆ ಕುಲುಕಿಸಿ ನಕ್ಕರು. ಛೀ! ನಾನು ಕಾನ್ವೆಂಟಿನಲ್ಲಿ ಕಲಿತ ಒಂದೇ ಮಾತು ಸಾಕು: ಡಿಸ್ಗಸ್ಟಿಂಗ್.

ಒಳಗೆ ಬಂದ ಅತ್ತೆ, "ಅಮ್ಮಾ, ನಂಗೀ ಸಂಬಂಧ ಬ್ಯಾಡ" ಅಂದಳು.

"ಅಡಿಕೆ ಸಿಕ್ಕೊಂಡಿತ್ತು, ತೆಗ್ದ್ರು. ಅಷ್ಟಕ್ಕೇ ಸಂಬಂಧ ಬಿಡ್ತಾರೇನೇ?" ಎಂದರು ಅಜ್ಜಿ.

ಅತ್ತೆಯನ್ನು ನಾನು ಕಡೆಯ ಸಲ ನೋಡಿದ್ದು ಮದುವೆ ಮುಗಿದ ಮೇಲೆ, ಕಡೂರು ಸ್ಟೇಷನ್ನಿನಲ್ಲಿ. ರೈಲಿನ ಕಿಟಕಿಯ ಪಕ್ಕ ಆ ಮನುಷ್ಯ ಹಲ್ಲು ಕೆದಕುತ್ತಿದ್ದ. ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದಳು.