ಹೂಂಗುಟ್ಟುವವರು

ವಿಶ್ವವಿದ್ಯಾಲಯದಲ್ಲಿ ಜಾನಪದ ಕಲಿಸುವ ಮೇಷ್ಟ್ರೊಬ್ಬರಿದ್ದರಂತೆ. ಎದುರಿಗೆ ಹೂಂಗುಟ್ಟುವವರಿಲ್ಲದೆ ಅವರ ಬಾಯಲ್ಲಿ ಕಥೆ ಮುಂದಕ್ಕೆ ಸಾಗುತ್ತಿರಲಿಲ್ಲ. ಆನ್‌ಲೈನ್ ತರಗತಿ ಮುಂದುವರಿಯಬೇಕೇ ಎಂದು ಕುಲಪತಿಗಳು ಅಭಿಪ್ರಾಯ ಕೇಳಿದ ದಿನ, ಪರದೆಯ ಮೇಲಿನ ನಲವತ್ತೆರಡು ಕಪ್ಪು ಚೌಕಗಳನ್ನು ನೋಡಿ ಅವರು ಚಡಪಡಿಸಿದರು.

“ಯಾರಾದರೂ ಕೇಳುತ್ತಿದ್ದೀರೇನ್ರಪ್ಪಾ? ಒಂದು ಹೂಂ ಅನ್ನಿ. ಇಲ್ಲದಿದ್ದರೆ ಈ ಪಾಠವೇ ಬೇಡವೆಂದು ಇವತ್ತೇ ಬರೆದುಕೊಡುತ್ತೇನೆ.”

ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದರು. ಮೇಷ್ಟ್ರು ‘ಬೇಡ’ ಎಂದು ಬರೆದು, ಸಹಿ ಹಾಕಲು ಪೆನ್ನೂರಿದರು.

“ಹೂಂ” ಎಂದಿತು, ಬಸವಲಿಂಗನೆಂಬ ವಿದ್ಯಾರ್ಥಿಯ ಹೆಸರಿದ್ದ ಚೌಕದಿಂದ ಒಂದು ಹೆಣ್ಣುದನಿ.

“ಯಾರಮ್ಮ? ಅದು ಬಸವಲಿಂಗನ ಫೋನಲ್ಲವೇ?”

“ಅವನವ್ವ ಸ್ವಾಮಿ. ಅವನು ದಿನಾ ಕ್ಲಾಸು ಹಾಕಿ ಫೋನಿಲ್ಲೇ ಇಟ್ಟು ಕ್ರಿಕೆಟ್ಟಿಗೆ ಹೋಯ್ತಾನೆ. ಊದಿನಕಡ್ಡಿ ಹೊಸೀತಾ ನಾವು ಹನ್ನೊಂದು ಹೆಂಗಸರು ಮೊದಲಿಂದ್ಲೂ ಹೂಂಗುಟ್ತಾನೇ ಇದ್ದೀವಿ, ಮೈಕಿನ ಬಟನ್ ಒತ್ತಬೇಕು ಅಂತ ಗೊತ್ತಾಗಿದ್ದು ಈಗ.”