ಸತ್ತ ಆರು ಕುರಿಗಳು

ಶರಣಮ್ಮನ ಪಿಎಚ್‌ಡಿ ಗೈಡ್ ತಯಾರಿಸಿದ ಹೊಸ ಲಸಿಕೆ ಹಾಕಿಸಿಕೊಂಡ ಮೂವತ್ತು ಕುರಿಗಳಲ್ಲಿ ಆರು ಸತ್ತಿದ್ದವು. 'ಆ ಆರನ್ನು ಸರ್ ಪಟ್ಟಿಯಿಂದ ತೆಗೆಸಿದರು' ಎಂದು ಅವಳು ಪ್ರಬಂಧದಲ್ಲಿ ಬರೆದಿದ್ದಳು.

"ಹಿಂಗ್ಯಾರಾದ್ರೂ ಬರೀತಾರೇನವಾ? 'ಕೈಬಿಡಲಾಯಿತು' ಅಂತ ಬರಿ."

"ತೆಗಿ ಅಂದವ್ರು ನೀವಲ್ರಿ ಸರ್?"

"ವಿಜ್ಞಾನದಾಗ ನಾನೂ ಇರಂಗಿಲ್ಲ, ನೀನೂ ಇರಂಗಿಲ್ಲ."

ಐದು ವರ್ಷದ ದುಡಿಮೆ ಅವರ ಒಂದು ಸಹಿಗೆ ಕಾದಿತ್ತು. ಅವಳು ಪ್ರತಿ ವಾಕ್ಯವನ್ನೂ ಹಾಗೆಯೇ ತಿದ್ದಿದಳು. ಇನ್ನೂರು ಪುಟಗಳಲ್ಲಿ ಒಬ್ಬ ಮನುಷ್ಯನೂ ಉಳಿಯಲಿಲ್ಲ.

"ಈಗ ಚೊಲೋ ಆತು ನೋಡು," ಎಂದು ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು, ಪೆನ್ನು ಕೊಟ್ಟರು. "ಇದು ಮೊದಲನೇ ಪುಟಕ್ಕ. ನಾನ ಟೈಪ್ ಮಾಡ್ಸೀನಿ, ನೀ ಸಹಿ ಹಾಕು ಸಾಕು."

ಹಾಳೆಯಲ್ಲಿ ಒಂದೇ ಸಾಲಿತ್ತು: 'ಈ ಪ್ರಬಂಧದ ಪ್ರತಿಯೊಂದು ನಿರ್ಧಾರವನ್ನೂ ನಾನೊಬ್ಬಳೇ ತೆಗೆದುಕೊಂಡಿದ್ದೇನೆ.'